ಚೆಂಡು ಓಡುತ್ತಿದೆ, ಚಿತ್ರ ಅಲುಗಿದೆ

ಎರಡು ದಶಕಗಳಿಗೂ ಹಿಂದಿನ ಮಾತು. ಆ ಬೇಸಿಗೆ ಕೊಡವ ಕುಟುಂಬಗಳ ಹಾಕಿ ಹಬ್ಬ ಪೊನ್ನಂಪೇಟೆಯಲ್ಲಿ ನಡೆಯುತ್ತಿತ್ತು. ನನ್ನ ಕೊರಳಲ್ಲಿ ಚಿಕ್ಕಪ್ಪನಿಂದ ಕಡ ತಂದ ರಷ್ಯಾದ ಜೆನಿತ್ ಕ್ಯಾಮೆರಾ. ಅದರ ಹೊಟ್ಟೆಯಲ್ಲಿ ಮೂವತ್ತಾರು ಚಿತ್ರಗಳ ಒಂದೇ ಒಂದು ರೀಲು. ಕಾಲೇಜು ಹುಡುಗನ ಜೇಬಿನಲ್ಲಿ ಇನ್ನೊಂದು ರೀಲಿಗೆ ಕಾಸು ಎಲ್ಲಿಂದ ಬರಬೇಕು?

ಗೆಳೆಯನೊಬ್ಬನ ಒಕ್ಕದ ತಂಡ ಅಂದು ಆಡುವುದಿತ್ತು. ಈ ಹಬ್ಬದ ಸೊಗಸು ಕೊಡಗಿನ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಇಲ್ಲಿ ಊರಿಗೊಂದು, ಕ್ಲಬ್ಬಿಗೊಂದು ತಂಡವಲ್ಲ; ಒಂದು ಒಕ್ಕಕ್ಕೆ, ಅಂದರೆ ಒಂದು ಮನೆತನಕ್ಕೆ ಒಂದು ತಂಡ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರ ಮುಂದಾಳುತನದಲ್ಲಿ 60 ಕುಟುಂಬಗಳೊಂದಿಗೆ ಶುರುವಾದ ಈ ಹಬ್ಬ 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆಗೆ ಸೇರಿತು. ಮನೆತನದ ತಂಡವಾದ್ದರಿಂದ ಭಾರತ ತಂಡಕ್ಕೆ ಆಡಿದವನ ಪಕ್ಕದಲ್ಲಿ ಶಾಲಾ ಹುಡುಗಿ ನಿಲ್ಲಬಹುದು, ಮೊಮ್ಮಗನಿಗೆ ಅಜ್ಜ ಚೆಂಡು ಕೊಡಬಹುದು.

ಗೆಳೆಯನ ತಂಡದಲ್ಲಿ ಎಂಟನೇ ತರಗತಿಯ ಅವನ ತಮ್ಮನಿದ್ದ, ಅರವತ್ತೈದು ದಾಟಿದ ಅವರ ಅಜ್ಜನೂ ಇದ್ದರು. ಆಟಕ್ಕೆ ಮೊದಲು ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು, “ನಾವಿಬ್ಬರೂ ಒಟ್ಟಿಗೆ ಆಡುವುದು ಇದೇ ಮೊದಲು ಮಗ. ಮುಂದಿನ ವರ್ಷ ನನ್ನ ಮಂಡಿ ಬಿಡುತ್ತದೋ ಇಲ್ಲವೋ. ಒಂದು ಫೋಟೊ ತೆಗೆದುಕೊಡು. ನಿಂತದ್ದು ಬೇಡ, ಆಡಿದ್ದು” ಎಂದರು.

ಆಟ ಶುರುವಾಗುವ ಹೊತ್ತಿಗೆ ಸರಿಯಾಗಿ ಪಶ್ಚಿಮದಲ್ಲಿ ಮೋಡ ಕಪ್ಪಿಟ್ಟಿತು. ಏಪ್ರಿಲ್, ಮೇ ತಿಂಗಳ ಕೊಡಗಿನಲ್ಲಿ ಮಧ್ಯಾಹ್ನದ ಬೆಳಕನ್ನು ನೆಚ್ಚುವ ಹಾಗಿಲ್ಲ. ರೀಲು ನೂರು ಎಎಸ್‌ಎಯದು. ಷಟರನ್ನು ಇಳಿಸುತ್ತಾ ಇಳಿಸುತ್ತಾ ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಬಂದು ನಿಂತೆ. ಜೆನಿತ್‌ನಲ್ಲಿ ಅದಕ್ಕಿಂತ ಕೆಳಗೆ ಮೆಟ್ಟಿಲೇ ಇರಲಿಲ್ಲ. ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದಿದ್ದರೆ ಇನ್ನಷ್ಟು ವೇಗ ದಕ್ಕುತ್ತಿತ್ತು. ಅಷ್ಟು ಬುದ್ಧಿ ಆಗ ನನಗಿರಲಿಲ್ಲ.

ವಾರದ ಮೇಲೆ ಸ್ಟುಡಿಯೊದಿಂದ ಲಕೋಟೆ ಬಿಡಿಸಿ ನೋಡಿದರೆ ಎದೆ ಧಸಕ್ಕೆಂದಿತು. ಮೂವತ್ತಕ್ಕೂ ಹೆಚ್ಚು ಚಿತ್ರಗಳು ಅಲುಗಿಹೋಗಿದ್ದವು. ಕೆಲವರಿಗೆ ಮೂರು ಕಾಲು, ಕೆಲವರಿಗೆ ಮುಖವೇ ಇಲ್ಲ. ನಿಚ್ಚಳವಾಗಿದ್ದ ನಾಲ್ಕೈದರಲ್ಲಿ ಎಲ್ಲರೂ ಅಂಪೈರ್ ಸೀಟಿಗಾಗಿ ಕಾಯುತ್ತಾ ನಿಂತಿದ್ದರು. ಅವುಗಳಲ್ಲೇ ಒಂದನ್ನು ಆರಿಸಿ ಅಜ್ಜನಿಗೆ ಕೊಡಲು ಹೋದೆ. ಅವರು ಅದನ್ನು ಒಮ್ಮೆ ನೋಡಿ, “ಉಳಿದದ್ದೆಲ್ಲಿ?” ಎಂದರು. ಸಂಕೋಚದಿಂದಲೇ ಇಡೀ ಕಟ್ಟು ಕೊಟ್ಟೆ. ಒಂದೊಂದಾಗಿ ತಿರುವಿ ಹಾಕಿ ಅದರೊಳಗಿಂದ ಒಂದು ಚಿತ್ರ ಹೊರತೆಗೆದರು. ಅಜ್ಜ ಬಗ್ಗಿ ಓಡುತ್ತಿದ್ದಾರೆ. ಮುಖ ಮತ್ತು ಹೆಗಲು ಮಾತ್ರ ನಿಚ್ಚಳ. ಸ್ಟಿಕ್ಕು ಬೀಸಣಿಗೆಯಾಗಿದೆ. ಚೆಂಡು ಬಿಳಿಯ ಗೀಟಾಗಿದೆ. ಹಿಂದಿನ ಜನ, ಸಿಲ್ವರ್ ಮರ, ಮೋಡ ಎಲ್ಲ ಕಲಸಿ ಅಡ್ಡಗೆರೆಗಳಾಗಿವೆ. ಆ ಗೆರೆಗಳ ನಡುವೆ ಚೆಂಡಿಗಾಗಿ ಕೈಚಾಚಿದ ಹುಡುಗ.

“ಇದು ಆಡಿದ್ದು” ಎಂದರು ಅಜ್ಜ.

ಈ ಹಳೆಯ ಕಥೆ ನೆನಪಾದದ್ದು ಈಚೆಗೆ ಬಂದ ಒಂದು ಫೋನಿನಿಂದ. ಅಂದಿನ ಎಂಟನೇ ತರಗತಿಯ ಹುಡುಗನೇ ಮಾತನಾಡಿದ್ದು. ಈಗ ಅವನ ಮಗಳು ಎಂಟನೇ ತರಗತಿ. “ಅಣ್ಣ, ಇವಳಿಗೆ ಆಟದ ಫೋಟೊ ತೆಗೆಯುವ ಹುಚ್ಚು. ಕ್ಯಾಮೆರಾ ಕೊಡಿಸಿದ್ದಾಯಿತು, ಈಗ ದೊಡ್ಡ ಲೆನ್ಸ್ ಬೇಕಂತೆ. ಬೆಲೆ ಕೇಳಿದರೆ ಒಂದು ವರ್ಷದ ಮೆಣಸು ಮಾರಿದ ದುಡ್ಡು. ಏನು ಮಾಡಲಿ?” ಇಂಥ ಪ್ರಶ್ನೆ ಎಷ್ಟು ಮನೆಗಳಲ್ಲಿ ಎದ್ದಿರುತ್ತದೋ. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ. ನಿಲ್ಲಿಸಿದ ಚಿತ್ರಕ್ಕೆ ದುಡ್ಡು ಬೇಕು. ಓಡುವ ಚಿತ್ರಕ್ಕೆ ಬೇಕಾದದ್ದು ಅಭ್ಯಾಸ, ಅಷ್ಟೇ.

ಸೆಕೆಂಡನ್ನು ಕತ್ತರಿಸುವುದು

ಕ್ಯಾಮೆರಾದ ಷಟರ್ ಎಂದರೆ ತೆರೆದು ಮುಚ್ಚುವ ಒಂದು ಪರದೆ. ಅದು ತೆರೆದಿದ್ದಷ್ಟು ಹೊತ್ತು ಎದುರಿನ ದೃಶ್ಯ ಒಳಗೆ ಬಿದ್ದು ದಾಖಲಾಗುತ್ತದೆ. ಆ ಹೊತ್ತಿನಲ್ಲಿ ವಸ್ತು ಸರಿದರೆ ಸರಿದ ದಾರಿಯೂ ದಾಖಲಾಗುತ್ತದೆ. ನಾವು ‘ಮಸುಕು’ ಎಂದು ಮೂಗು ಮುರಿಯುವುದು ಈ ದಾರಿಯನ್ನೇ.

ಎಷ್ಟು ಮಸುಕಾಗುತ್ತದೆ ಎಂಬುದು ಏಳನೇ ತರಗತಿಯ ಲೆಕ್ಕ. ಚೆನ್ನಾಗಿ ಬಾರಿಸಿದ ಹಾಕಿ ಚೆಂಡು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದೆ ಎನ್ನಿ. ಸೆಕೆಂಡಿಗೆ ಸುಮಾರು 28 ಮೀಟರ್ ಆಯಿತು. ಷಟರ್ 1/1000 ಸೆಕೆಂಡ್ ತೆರೆದರೆ ಅಷ್ಟರಲ್ಲಿ ಚೆಂಡು ಹೋಗುವುದು 3 ಸೆಂಟಿಮೀಟರಿಗೂ ಕಡಿಮೆ. ಚೆಂಡಿನ ಅಡ್ಡಗಲವೇ 7 ಸೆಂಟಿಮೀಟರಿಗೆ ತುಸು ಹೆಚ್ಚಾದ್ದರಿಂದ ಚಿತ್ರದಲ್ಲಿ ಅದು ಒಂದಿಷ್ಟು ಉದ್ದವಾದ ಮೊಟ್ಟೆಯಂತೆ ಕಾಣುತ್ತದೆ. 1/125ರಲ್ಲಿ ಅದೇ ಚೆಂಡು 22 ಸೆಂಟಿಮೀಟರ್ ಓಡಿ ಬಾಲ ಬೆಳೆಸಿಕೊಳ್ಳುತ್ತದೆ. 1/30ರಲ್ಲಿ ಓಡುವುದು ಸುಮಾರು 93 ಸೆಂಟಿಮೀಟರ್. ದೊಡ್ಡವರ ಹಾಕಿ ಸ್ಟಿಕ್ಕಿನ ಸಾಮಾನ್ಯ ಉದ್ದವೂ ಇಷ್ಟೇ! ನನ್ನ ಚಿತ್ರದಲ್ಲಿ ಚೆಂಡು ಗೀಟಾದದ್ದರಲ್ಲಿ ಆಶ್ಚರ್ಯವೇನಿದೆ?

ಆಟಗಾರನ ಲೆಕ್ಕ ಬೇರೆ. ಸೆಕೆಂಡಿಗೆ 7 ಮೀಟರ್ ಓಡುವವನು 1/500ರಲ್ಲಿ ಒಂದೂವರೆ ಸೆಂಟಿಮೀಟರ್ ಸರಿದಾನು, 1/30ರಲ್ಲಿ ಒಂದು ಗೇಣು. ಅವನ ದೇಹವೆಲ್ಲ ಒಂದೇ ವೇಗದಲ್ಲಿರುವುದೂ ಇಲ್ಲ. ಮುಂದಕ್ಕೆ ಬೀಸುವ ಕಾಲು ಎದೆಗಿಂತ ವೇಗ, ಸ್ಟಿಕ್ಕಿನ ತುದಿ ಕಾಲಿಗಿಂತ ವೇಗ. ನೆಲ ಮೆಟ್ಟಿದ ಪಾದ ಮಾತ್ರ ಆ ಕ್ಷಣದಲ್ಲಿ ನಿಂತೇ ಇರುತ್ತದೆ. ಕ್ಯಾಮೆರಾವನ್ನು ಅಲುಗಿಸದೆ 1/30ರಲ್ಲಿ ಓಟಗಾರನ ಚಿತ್ರ ತೆಗೆದು ನೋಡಿ: ಇಡೀ ಮೈ ಹೊಗೆಯಂತಾಗಿ ಒಂದು ಪಾದ ಮಾತ್ರ ಸ್ಪಷ್ಟವಾಗಿ ಬಂದಿರುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಇದನ್ನು ಇಷ್ಟು ಚೆನ್ನಾಗಿ ತೋರಿಸುವ ಚಿತ್ರ ನಾನು ನೋಡಿಲ್ಲ.

ದಿಕ್ಕಿನಿಂದಲೂ ವ್ಯತ್ಯಾಸವಾಗುತ್ತದೆ. ನಿಮ್ಮ ಮುಂದೆ ಅಡ್ಡಲಾಗಿ ಓಡುವವನು ಹೆಚ್ಚು ಮಸುಕಾಗುತ್ತಾನೆ, ನೇರ ನಿಮ್ಮತ್ತ ಬರುವವನು ಕಡಿಮೆ. ಗೋಲಿನ ಹಿಂದೆ ಕೂತ ಪತ್ರಿಕಾ ಛಾಯಾಗ್ರಾಹಕರಿಗೆ ಈ ಗುಟ್ಟು ಗೊತ್ತು.

ನೂರರಲ್ಲಿ ಒಂದು ಭಾಗವೆಂದರೆ ಏನು ಮಹಾ ಎನ್ನುವವರಿಗೆ ಒಂದು ನೆನಪು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರ ಕಾಲ 55.42 ಸೆಕೆಂಡ್. ಕಂಚು ಗೆದ್ದ ರುಮೇನಿಯಾದ ಓಟಗಾರ್ತಿಯದು 55.41. ಆ ವೇಗದಲ್ಲಿ ಸೆಕೆಂಡಿನ ನೂರನೇ ಒಂದು ಭಾಗವೆಂದರೆ ನೆಲದ ಮೇಲೆ ಸುಮಾರು 7 ಸೆಂಟಿಮೀಟರ್, ಒಂದು ಹಾಕಿ ಚೆಂಡಿನಷ್ಟು ಅಗಲ. ಅದನ್ನು ತೀರ್ಮಾನಿಸಿದ್ದೂ ಒಂದು ಛಾಯಾಚಿತ್ರವೇ. ಗುರಿಗೆರೆಯ ಕ್ಯಾಮೆರಾ ಬಹಳ ವಿಚಿತ್ರದ್ದು. ಅದು ಗೆರೆಯೊಂದನ್ನೇ ದಿಟ್ಟಿಸುತ್ತಾ ಆ ಗೆರೆಯನ್ನು ಯಾರು ಯಾವಾಗ ದಾಟಿದರು ಎಂಬುದನ್ನು ಪಟ್ಟಿಪಟ್ಟಿಯಾಗಿ ಜೋಡಿಸುತ್ತದೆ. ಆ ಚಿತ್ರದ ಎಡದಿಂದ ಬಲಕ್ಕೆ ಇರುವುದು ಜಾಗವಲ್ಲ, ಹೊತ್ತು. ಅದಕ್ಕೇ ಅದರಲ್ಲಿ ಕೆಲವರ ಪಾದಗಳು ದೋಣಿಯಂತೆ ಉದ್ದವಾಗಿ ಕಾಣುವುದು.

ಕುದುರೆಯ ಕಾಲು, ಕಾರಿನ ಚಕ್ರ

ಚಲನೆಯನ್ನು ಹಿಡಿದು ನಿಲ್ಲಿಸಬೇಕೆಂಬ ಹಟ ಹಳೆಯದು. ಓಡುವ ಕುದುರೆಯ ನಾಲ್ಕೂ ಕಾಲು ಒಮ್ಮೆಲೇ ನೆಲ ಬಿಡುತ್ತವೆಯೇ? 1878ರ ಜೂನ್‌ನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಓಟದ ದಾರಿಯುದ್ದಕ್ಕೂ 12 ಕ್ಯಾಮೆರಾ ಸಾಲಾಗಿ ಇಟ್ಟು, ಕುದುರೆ ಓಡಿದಂತೆ ಅವು ಒಂದರ ಹಿಂದೊಂದು ತೆರೆದುಕೊಳ್ಳುವಂತೆ ಮಾಡಿದರು. ಕಾಲುಗಳು ನೆಲ ಬಿಡುವುದು ನಿಜವೆಂದು ಗೊತ್ತಾಯಿತು. ಆದರೆ ಚಿತ್ರಕಾರರು ಶತಮಾನಗಳಿಂದ ಬರೆಯುತ್ತಾ ಬಂದಂತೆ ಕಾಲು ಚಾಚಿದಾಗ ಅಲ್ಲ, ನಾಲ್ಕನ್ನೂ ಹೊಟ್ಟೆಯಡಿಗೆ ಮಡಿಚಿದಾಗ. ಕಣ್ಣಿಗೆ ಕಾಣದ್ದನ್ನು ಕ್ಯಾಮೆರಾ ಕಂಡಿತ್ತು.

ಇನ್ನೊಂದು ತುದಿಯಲ್ಲಿ ಫ್ರಾನ್ಸಿನ ತರುಣ ಝಾಕ್ ಆನ್ರಿ ಲಾರ್ತಿಗ್. 1910ರ ದಶಕದ ಆರಂಭದಲ್ಲಿ ಕಾರು ಪಂದ್ಯವೊಂದರಲ್ಲಿ ಆತ ಕ್ಯಾಮೆರಾವನ್ನು ಕಾರಿನ ಜೊತೆಗೇ ತಿರುಗಿಸುತ್ತಾ ಗುಂಡಿ ಒತ್ತಿದ. ಚಿತ್ರದಲ್ಲಿ ಕಾರಿನ ಹಿಂಭಾಗ ಮಾತ್ರ ಬಂದಿದೆ. ಚಕ್ರ ಮುಂದಕ್ಕೆ ವಾಲಿದ ಮೊಟ್ಟೆಯಾಗಿದೆ, ಬದಿಯ ಜನ ಹಿಂದಕ್ಕೆ ಬಾಗಿದ್ದಾರೆ. ಆ ಕ್ಯಾಮೆರಾದ ಪರದೆಯಲ್ಲಿ ಒಂದು ಸೀಳು ಮಾತ್ರವಿದ್ದು, ಅದು ಚಿತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುವಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಆತನ ಕೈ ಜನರಿಗಿಂತ ವೇಗವಾಗಿ, ಕಾರಿಗಿಂತ ನಿಧಾನವಾಗಿ ತಿರುಗಿತ್ತು. ಆದ್ದರಿಂದಲೇ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ವಾಲಿದ್ದು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಗಳ ಸಂಗ್ರಹಾಲಯ ಲಾರ್ತಿಗ್‌ರ ಚಿತ್ರಗಳ ಪ್ರದರ್ಶನ ನಡೆಸಿದ ಮೇಲೆ ಅವರು ಜಗತ್ತಿಗೆಲ್ಲ ಪರಿಚಿತರಾದರು. ವೇಗವೆಂದರೆ ಹೇಗಿರುತ್ತದೆ ಎಂದು ತೋರಿಸಲು ಇಂದಿಗೂ ಜನ ಆ ವಾಲಿದ ಚಕ್ರವನ್ನೇ ಮುಂದಿಡುತ್ತಾರೆ.

ನಮ್ಮ ಮನೆಗಳಲ್ಲಿದ್ದ ಅಗ್ಫಾ ಕ್ಲಿಕ್ 3 ಡಬ್ಬಿ ಕ್ಯಾಮೆರಾ ನೆನಪಿದೆಯೆ? ಅದಕ್ಕಿದ್ದದ್ದು ಒಂದೇ ವೇಗ, ಅದೂ ನಿಧಾನದ್ದು. “ಅಲುಗಬೇಡಿ, ಉಸಿರು ಬಿಗಿಹಿಡಿಯಿರಿ” ಎಂದು ಮನೆಮಂದಿಯನ್ನೆಲ್ಲ ಕಂಬದಂತೆ ನಿಲ್ಲಿಸುತ್ತಿದ್ದುದು ಅದಕ್ಕೇ. ಅಲುಗಿದ ಚಿತ್ರ ಕೆಟ್ಟ ಚಿತ್ರ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದ್ದು ಆ ಕಾಲದಲ್ಲಿ ಎಂದು ನನ್ನ ಗುಮಾನಿ.

ಲೆನ್ಸಿನ ಬೆಲೆ ಏಕೆ ಏರುತ್ತದೆ

ಈಗ ಮೆಣಸಿನ ದುಡ್ಡಿನ ಪ್ರಶ್ನೆಗೆ ಬರೋಣ. 1/1000 ಸೆಕೆಂಡ್ ಎಂದರೆ ಬೆಳಕಿಗೆ ಸಿಗುವ ಸಮಯ ಬಹಳ ಕಡಿಮೆ. ಕಡಿಮೆ ಸಮಯದಲ್ಲಿ ಸಾಕಷ್ಟು ಬೆಳಕು ಒಳಗೆ ಬರಬೇಕಾದರೆ ಕಿಂಡಿ ದೊಡ್ಡದಿರಬೇಕು, ಗಾಜೂ ದೊಡ್ಡದಿರಬೇಕು. ಕ್ಯಾಮೆರಾದ ಜೊತೆ ಬರುವ ಅಗ್ಗದ ದೂರದ ಲೆನ್ಸಿನಲ್ಲಿ ಕಿಂಡಿ ಎಫ್ 5.6ರಷ್ಟು ತೆರೆಯುತ್ತದೆ. ಎಫ್ 2.8 ಇರುವ ದೊಡ್ಡ ಲೆನ್ಸು ಅದರ ನಾಲ್ಕು ಪಟ್ಟು ಬೆಳಕು ನುಂಗುತ್ತದೆ. ಬೆಲೆ ಮಾತ್ರ ನಾಲ್ಕು ಪಟ್ಟಿಗೆ ನಿಲ್ಲುವುದಿಲ್ಲ, ಲಕ್ಷಗಳಿಗೆ ಹಾರುತ್ತದೆ.

ಬಿಸಿಲಿದ್ದರೆ ಅಗ್ಗದ ಲೆನ್ಸಿನಲ್ಲೂ 1/1000 ಸಿಗುತ್ತದೆ. ಸಂಜೆಯ ಪಂದ್ಯ, ಮೋಡ, ಮಳೆ ಬಂದಾಗಲೇ ಕಷ್ಟ. ಪೊನ್ನಂಪೇಟೆಯಂಥ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕೆಂಬುದು ರೇಷನ್ ಸಕ್ಕರೆಯ ಹಾಗೆ. ಆದರೆ 1/30ಕ್ಕೆ ಆ ಮಬ್ಬು ಬೆಳಕೇ ಹಿತ. ಮೋಡ ಕವಿದ ದಿನ ಐಎಸ್‌ಒ 100 ಇಟ್ಟು, ಕಿಂಡಿಯನ್ನು ಎಫ್ 11ಕ್ಕೆ ಕಿರಿದಾಗಿಸಿದರೆ ಹೆಚ್ಚು ಕಡಿಮೆ 1/30 ತಾನಾಗಿ ಬಂದು ಕೂರುತ್ತದೆ. ಕಿಂಡಿ ಚಿಕ್ಕದಾದ್ದರಿಂದ ಫೋಕಸ್ ಅಷ್ಟಿಷ್ಟು ತಪ್ಪಿದರೂ ನಡೆಯುತ್ತದೆ. ಹಳೆಯದಾಗಿರಲಿ, ಅಗ್ಗದ್ದಾಗಿರಲಿ, ವೇಗ ಬದಲಿಸಲು ಬರುವ ಬಹುಪಾಲು ಕ್ಯಾಮೆರಾಗಳಲ್ಲಿ 1/30 ಇರುತ್ತದೆ. ಹಾಗಾಗಿ ನಾನು ಅವನಿಗೆ ಹೇಳಿದ್ದು: “ಒಂದು ಮಳೆಗಾಲ ಲೆನ್ಸಿನ ಮಾತು ಬೇಡ. ಇರುವುದರಲ್ಲೇ ತೆಗೆಯಲಿ.”

ಸೊಂಟದಿಂದ ತಿರುಗಬೇಕು

ಕ್ಯಾಮೆರಾವನ್ನು ಓಡುವವನ ಜೊತೆಗೇ ತಿರುಗಿಸುತ್ತಾ ಚಿತ್ರ ತೆಗೆಯುವುದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ನಿಮ್ಮ ಕೈಯ ವೇಗ ಮತ್ತು ಓಟದ ವೇಗ ಒಂದಾದರೆ ಓಟಗಾರ ಚಿತ್ರದಲ್ಲಿ ಒಂದೇ ಕಡೆ ನಿಂತಿರುತ್ತಾನೆ, ಹಿನ್ನೆಲೆ ಹರಿದುಹೋಗುತ್ತದೆ. ಆಗ ಮುಖ ನಿಚ್ಚಳ, ನೆಲ ಮೆಟ್ಟಿದ ಪಾದ ಮಸುಕು. ಅಲುಗದ ಕ್ಯಾಮೆರಾದ ಚಿತ್ರಕ್ಕೆ ಪೂರಾ ತಿರುಗುಮುರುಗು.

ಹಾಕಿ ಆಡುವ ಮಕ್ಕಳಿಗೆ ಇದನ್ನು ಕಲಿಸುವುದು ಸುಲಭ. ಚೆಂಡು ಬಾರಿಸಿದೊಡನೆ ಸ್ಟಿಕ್ಕನ್ನು ಗಕ್ಕನೆ ನಿಲ್ಲಿಸಿದರೆ ಹೊಡೆತ ಸತ್ತುಹೋಗುತ್ತದೆ, ಸ್ಟಿಕ್ಕು ಚೆಂಡಿನ ಹಿಂದೆಯೇ ಹೋಗಬೇಕು ಎಂದು ಕೋಚ್ ದಿನಾ ಹೇಳುತ್ತಾರಷ್ಟೆ? ಪ್ಯಾನಿಂಗ್ ಕೂಡ ಹಾಗೆಯೇ. ಗುಂಡಿ ಒತ್ತುವ ಮೊದಲೇ ಆಟಗಾರನನ್ನು ಹಿಂಬಾಲಿಸುತ್ತಿರಬೇಕು, ಒತ್ತುವಾಗಲೂ ಕೈ ನಿಲ್ಲಬಾರದು, ಒತ್ತಿದ ಮೇಲೂ ಹಿಂಬಾಲಿಸಬೇಕು. ಹತ್ತರಲ್ಲಿ ಒಂಬತ್ತು ಜನ ಕೆಡುವುದು ಗುಂಡಿ ಒತ್ತುವ ಕ್ಷಣ ಕೈ ನಿಲ್ಲಿಸಿ.

ಪಾದಗಳನ್ನು ಅಗಲಿಸಿ, ಎಲ್ಲಿ ಗುಂಡಿ ಒತ್ತಬೇಕೆಂದಿದ್ದೀರೋ ಆ ಕಡೆಗೆ ಮುಖಮಾಡಿ ನಿಲ್ಲಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಆಮೇಲೆ ಆಟಗಾರ ಬರುತ್ತಿರುವ ಕಡೆಗೆ ಸೊಂಟ ತಿರುಗಿಸಿ ಕಾಯಿರಿ. ಅವನು ಎದುರಿಗೆ ಬರುವ ಹೊತ್ತಿಗೆ ಮೈ ತಿರುಚಿದ ಹಗ್ಗ ಬಿಚ್ಚಿದಂತೆ ಸರಾಗವಾಗಿ ತಿರುಗುತ್ತದೆ. ಕೈಯನ್ನಷ್ಟೇ ತಿರುಗಿಸಿದರೆ ಕ್ಯಾಮೆರಾ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಕೈನಡುಕ ತಡೆಯುವ ಏರ್ಪಾಡು ಲೆನ್ಸಿನಲ್ಲಿದ್ದರೆ ಅದಕ್ಕೆ ಪ್ಯಾನಿಂಗ್‌ನ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಆರಿಸಿಬಿಡುವುದೇ ವಾಸಿ, ಅದು ನಿಮ್ಮ ತಿರುಗುವಿಕೆಯನ್ನೇ ನಡುಕವೆಂದು ತಿಳಿದು ಜಗ್ಗಾಡಬಹುದು. ಅಂದಹಾಗೆ, ಆ ಏರ್ಪಾಡು ನಿಮ್ಮ ಕೈಯ ನಡುಕವನ್ನು ತಡೆದೀತೇ ಹೊರತು ಓಡುವವನನ್ನು ನಿಲ್ಲಿಸಲಾರದು. ಅಂಗಡಿಯವರು ಇದನ್ನು ಯಾವಾಗಲೂ ಬಿಡಿಸಿ ಹೇಳುವುದಿಲ್ಲ.

ಮೊದಲು 1/125ರಲ್ಲಿ ಶುರುಮಾಡಿ. ಕೈ ಕುದುರಿದ ಮೇಲೆ 1/60, ಆಮೇಲೆ 1/30. ಇನ್ನೂ ಧೈರ್ಯವಿದ್ದರೆ 1/15. ಹಿನ್ನೆಲೆಯಲ್ಲಿ ಏನಾದರೂ ಇರಬೇಕೆಂಬುದನ್ನು ಮರೆಯಬೇಡಿ. ಬರಿಯ ಆಕಾಶದ ಮುಂದೆ ಎಷ್ಟು ತಿರುಗಿದರೂ ಗೆರೆ ಮೂಡುವುದಿಲ್ಲ. ಬಣ್ಣಬಣ್ಣದ ಛತ್ರಿ ಹಿಡಿದ ಜನ, ಮೆಣಸು ಬಳ್ಳಿ ಹಬ್ಬಿದ ಮರಗಳ ಸಾಲು ಸಿಕ್ಕರೆ ಅದೃಷ್ಟ. ಪಂದ್ಯವಿಲ್ಲದ ದಿನ ಮನೆಯ ಗೇಟಿನ ಒಳಗೆ ನಿಂತು ಗೋಣಿಕೊಪ್ಪಲಿನ ಕಡೆ ಹೋಗುವ ಬಸ್ಸು, ಆಟೊ, ಬೈಕುಗಳ ಮೇಲೆ ಅಭ್ಯಾಸ ಮಾಡಬಹುದು. ಗೇಟಿನ ಒಳಗೆ ಎಂದಿದ್ದೇನೆ, ಗಮನಿಸಿ.

ಎಷ್ಟು ಚೆನ್ನಾಗಿ ಬಂದಾವು? ಇಷ್ಟು ವರ್ಷಗಳ ಮೇಲೂ ನನಗೆ ಮೂವತ್ತಾರಕ್ಕೆ ಮೂರು ದಕ್ಕಿದರೆ ಅದು ಒಳ್ಳೆಯ ದಿನ. ರೀಲಿನ ಕಾಲದಲ್ಲಿ ಈ ಲೆಕ್ಕ ಹೊಟ್ಟೆ ಉರಿಸುತ್ತಿತ್ತು. ಈಗಿನ ಮಕ್ಕಳಿಗೆ ಅಳಿಸಿದರೆ ಖರ್ಚಿಲ್ಲ. ಆದರೂ ಮನೆಗೆ ಹೋಗಿ ಒಂದೊಂದಾಗಿ ನೋಡಿ, ಏಕೆ ಕೆಟ್ಟಿತೆಂದು ತಿಳಿದು ಆಮೇಲೆ ಅಳಿಸುವುದು ಮೇಲು.

ಮೊಬೈಲಿನ ಚೇಷ್ಟೆ

“ಕ್ಯಾಮೆರಾ ಇಲ್ಲ, ಅಪ್ಪನ ಮೊಬೈಲು ಮಾತ್ರ ಇದೆ” ಎನ್ನುವ ಮಕ್ಕಳೇ ಹೆಚ್ಚು. ಅದರಲ್ಲೂ ಆಗುತ್ತದೆ, ತುಸು ಉಪಾಯ ಬೇಕು. ಸಾಮಾನ್ಯವಾಗಿ ಮೊಬೈಲಿನ ಕಿಂಡಿಯನ್ನು ಕಿರಿದಾಗಿಸಲು ಬರುವುದಿಲ್ಲ. ಹೀಗಾಗಿ ‘ಪ್ರೊ’ ಎಂಬ ವಿಧಾನದಲ್ಲಿ 1/30 ಇಟ್ಟರೆ ಹಗಲಿನಲ್ಲಿ ಚಿತ್ರ ಸುಣ್ಣ ಬಳಿದಂತಾಗುತ್ತದೆ. ಮೋಡ ಕವಿದರೂ ಸಾಲದು. ಮುಸ್ಸಂಜೆಯವರೆಗೆ ಕಾಯಬೇಕು, ಇಲ್ಲವೇ ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್ ಹಾಕಬೇಕು. ಹೊತ್ತು ಇಳಿಯುತ್ತಿದ್ದರೆ ತಂಪು ಕನ್ನಡಕದ ಗಾಜನ್ನು ಅಡ್ಡ ಹಿಡಿದು ಕೆಲಸ ಸಾಧಿಸುವ ಹುಡುಗರನ್ನೂ ಕಂಡಿದ್ದೇನೆ.

ಮೊಬೈಲಿನಲ್ಲಿ ತೆಗೆದಾಗ ಬೀಸಿದ ಸ್ಟಿಕ್ಕು ಬಾಳೆಕಾಯಿಯಂತೆ ಬಾಗಿರುವುದನ್ನು ನೀವು ನೋಡಿರಬಹುದು. ಬಹುಪಾಲು ಮೊಬೈಲುಗಳು ಚಿತ್ರವನ್ನು ಒಮ್ಮೆಲೇ ಓದುವುದಿಲ್ಲ, ಸಾಲುಸಾಲಾಗಿ ಓದುತ್ತವೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸ್ಟಿಕ್ಕು ಬೇರೆಡೆಗೆ ಹೋಗಿರುತ್ತದೆ. ನೂರು ವರ್ಷದ ಹಿಂದೆ ಲಾರ್ತಿಗ್‌ರ ಕಾರಿನ ಚಕ್ರ ವಾಲಿದ ಕಾರಣವೇ ಇದು.

ನಿಚ್ಚಳವಾಗಿಯೇ ಬೇಕಾದಾಗ

ಹಾಗೆಂದು ಎಲ್ಲವನ್ನೂ ಮಸುಕಾಗಿಸಿ ಕಲೆಯೆಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಕರಾವಳಿಯ ಕಂಬಳವನ್ನೇ ನೋಡಿ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವೆಲ್ಲ ಸುತ್ತಿತು. ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರ್! ಅಲ್ಲಿ ಸೊಗಸಿರುವುದು ಎರಚಿದ ಕೆಸರುನೀರಿನ ಒಂದೊಂದು ಹನಿಯಲ್ಲಿ. 1/2000ರಲ್ಲಿ ಓಟಗಾರ ಸರಿಯುವುದು ಅರ್ಧ ಸೆಂಟಿಮೀಟರಷ್ಟೆ. ಹನಿಗಳು ಮುತ್ತಿನಂತೆ ಗಾಳಿಯಲ್ಲಿ ನಿಲ್ಲುತ್ತವೆ. ಅದೇ ನೀರನ್ನು 1/30ರಲ್ಲಿ ತೆಗೆದರೆ ಬರಿಯ ಬಿಳಿ ಮಂಜು. ಮಳೆಗಾಲದಲ್ಲಿ ಕೊಡಗಿನಲ್ಲಿ ನಡೆಯುವ ಕೆಸರುಗದ್ದೆ ಓಟಕ್ಕೂ ಈ ಮಾತು ಸಲ್ಲುತ್ತದೆ.

ಸೋಮವಾರಪೇಟೆಯ ಎಸ್.ವಿ. ಸುನಿಲ್ ಅಂಚಿನಲ್ಲಿ ಚೆಂಡು ಹಿಡಿದು ಓಡುತ್ತಿದ್ದುದನ್ನು ನೋಡಿದವರು ಅದು ಪ್ಯಾನಿಂಗ್‌ಗೇ ಹೇಳಿಮಾಡಿಸಿದ ಓಟವೆಂದಾರು. ಕೊಡಗಿನವರೇ ಆದ ವಿ.ಆರ್. ರಘುನಾಥ್‌ರ ಡ್ರ್ಯಾಗ್ ಫ್ಲಿಕ್ ಬೇರೆ ಬಗೆಯದು. ಅಲ್ಲಿ ಮಂಡಿ, ಮಣಿಕಟ್ಟು, ಸ್ಟಿಕ್ಕಿನ ಕೊಕ್ಕೆಗೆ ಅಂಟಿದ ಚೆಂಡು ಇವೆಲ್ಲ ಎಣಿಸುವಂತೆ ಕಾಣಬೇಕು. ಕಲಿಯುವ ಹುಡುಗನಿಗೆ ಅದು ಪಾಠದ ಚಿತ್ರ.

ವೇಗದ ಷಟರ್ ಇಲ್ಲದೆಯೂ ಚಲನೆಯನ್ನು ನಿಲ್ಲಿಸುವ ಒಂದು ದಾರಿಯಿದೆ. ಆಟದಲ್ಲಿ ಎಲ್ಲವೂ ಸದಾ ಓಡುತ್ತಿರುವುದಿಲ್ಲ. ಸ್ಟಿಕ್ಕನ್ನು ಹಿಂದಕ್ಕೆ ಎತ್ತಿದಾಗ ತುತ್ತತುದಿಯಲ್ಲಿ ಅದು ಒಂದು ಗಳಿಗೆ ನಿಂತು ಕೆಳಗಿಳಿಯುತ್ತದೆ. ಜಿಗಿದವನು ಏರಿಕೆ ಮುಗಿದು ಇಳಿಕೆ ಶುರುವಾಗುವ ನಡುವೆ ಒಂದು ಚಣ ತೇಲುತ್ತಾನೆ. ಆ ಕ್ಷಣ ಗೊತ್ತಿದ್ದವನಿಗೆ 1/125 ಸಾಕು. ಅದನ್ನು ಕ್ಯಾಮೆರಾ ಹೇಳಿಕೊಡುವುದಿಲ್ಲ, ಆಟವೇ ಹೇಳಿಕೊಡಬೇಕು. ನಡೆಯಲು ಕಲಿತಾಗಲೇ ಸ್ಟಿಕ್ಕು ಹಿಡಿದ ಪೊನ್ನಂಪೇಟೆಯ ಮಕ್ಕಳಿಗೆ ಬೆಂಗಳೂರಿನ ದುಬಾರಿ ಲೆನ್ಸಿನವರಿಗಿಂತ ಇಲ್ಲಿ ಮುನ್ನಡೆಯಿದೆ.

ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ತೆಗೆಯಲು ಹೊರಟ ಹುಡುಗನೊಬ್ಬ, “ಗುಂಡು ಏಕೆ ಕಾಣುವುದಿಲ್ಲ ಸರ್?” ಎಂದು ಕೇಳಿದ್ದ. ಸೆಕೆಂಡಿಗೆ 300 ಮೀಟರ್ ಎಂದಿಟ್ಟುಕೊಂಡರೂ ಗುಂಡು 1/1000ರಲ್ಲಿ 30 ಸೆಂಟಿಮೀಟರ್ ಹಾರಿರುತ್ತದೆ. ಅಮೆರಿಕದ ಎಂಜಿನಿಯರ್ ಹೆರಾಲ್ಡ್ ಎಡ್ಗರ್ಟನ್ 1964ರಲ್ಲಿ ಸೇಬನ್ನು ತೂರಿಹೋಗುವ ಗುಂಡಿನ ಚಿತ್ರ ತೆಗೆದದ್ದು ಷಟರಿನಿಂದಲ್ಲ. ಕತ್ತಲಲ್ಲಿ ಷಟರ್ ತೆರೆದಿಟ್ಟು, ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಮಿಂಚುವ ಬೆಳಕು ಹಾಯಿಸಿ. ಹಬ್ಬದ ಬಯಲಿನಲ್ಲಿ ಅದು ಆಗದ ಮಾತು. ಕಾಯಿ ಸಿಡಿದು ನೀರು ಚಿಮ್ಮುವುದನ್ನು ಹಿಡಿದರೆ ಸಾಕು ಎಂದೆ, ಹಿಡಿದು ತಂದ.

ಮೈದಾನದ ಅಂಚಿನಲ್ಲಿ

ತಂದೆತಾಯಿಯರಿಗೆ ಎರಡು ಮಾತು. ಹಾಕಿ ಚೆಂಡು 160 ಗ್ರಾಂ ಆಸುಪಾಸಿನ ಗಟ್ಟಿ ಗುಂಡು. ಕ್ಯಾಮೆರಾದಲ್ಲಿ ಕಣ್ಣು ನೆಟ್ಟವನಿಗೆ ಪಕ್ಕದಿಂದ ಬರುವುದು ಕಾಣುವುದಿಲ್ಲ. ಗೋಲಿನ ಬಲೆಯ ಪಕ್ಕದಲ್ಲಿ ಮಕ್ಕಳನ್ನು ಕೂರಲು ಬಿಡಬೇಡಿ. ಗೆರೆಯಿಂದ ದೂರ, ಬೇಲಿಯ ಹಿಂದೆ ನಿಂತರೂ ಪ್ಯಾನಿಂಗ್‌ಗೆ ಏನೂ ಕೊರತೆಯಿಲ್ಲ. ಎರಡನೆಯದು, ಬೇರೆಯವರ ಮಕ್ಕಳ ಚಿತ್ರ ತೆಗೆಯುವ ಮುನ್ನ ಕೋಚ್‌ರನ್ನೋ ಮನೆಯವರನ್ನೋ ಕೇಳುವ, ಕೇಳದೆ ಎಲ್ಲೂ ಹಂಚದಿರುವ ಅಭ್ಯಾಸ ಮೊದಲ ದಿನವೇ ಆಗಲಿ.

ಮಳೆಗಾಲ ಮುಗಿದ ಮೇಲೆ ಆ ಹುಡುಗಿಯನ್ನು ಪೊನ್ನಂಪೇಟೆಯ ಟರ್ಫ್ ಮೈದಾನದ ಬಳಿ ಕಂಡೆ. “ಅಂಕಲ್, ನಾಲ್ಕು ಸಾವಿರ ತೆಗೆದೆ, ಹನ್ನೊಂದು ಉಳಿಸಿಕೊಂಡೆ” ಎನ್ನುತ್ತಾ ತೋರಿಸಿದಳು. ಎಂಟನೆಯದರಲ್ಲಿ ಅವಳ ವಯಸ್ಸಿನ ಹುಡುಗಿಯೊಬ್ಬಳು ನೆನೆದ ಟರ್ಫಿನ ಮೇಲೆ ಚೆಂಡು ಒಯ್ಯುತ್ತಿದ್ದಾಳೆ. ಮುಖದಲ್ಲಿ ರೆಪ್ಪೆಯೂ ಎಣಿಸುವಷ್ಟು ನಿಚ್ಚಳ. ಚೆಂಡಿನ ಹಿಂದೆ ಎದ್ದ ನೀರು ಮಾತ್ರ ಉದ್ದನೆಯ ಬಿಳಿ ಬಾಲವಾಗಿದೆ.

“ಎಷ್ಟರಲ್ಲಿ ತೆಗೆದೆ?”

“ಮೂವತ್ತರಲ್ಲಿ.”

ಲೆನ್ಸಿನ ಮಾತು ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಅವಳ ಅಪ್ಪ ಪಕ್ಕದಲ್ಲಿ ನಿಂತು ಆ ಚಿತ್ರವನ್ನೇ ನೋಡುತ್ತಿದ್ದ. “ಅಣ್ಣ, ಮನೆಯಲ್ಲಿರುವ ಅಜ್ಜನ ಫೋಟೊ ಬಣ್ಣ ಮಾಸುತ್ತಿದೆ. ಅದರ ನೆಗೆಟಿವ್ ನಿಮ್ಮ ಹತ್ತಿರ ಇದೆಯಾ?” ಎಂದು ಕೇಳಿದ. ಹುಡುಕಿ ಕೊಡುತ್ತೇನೆಂದು ಹೇಳಿ ಬಂದಿದ್ದೇನೆ.